ಒಂಬೈನೂರು ಕೊಟ್ಟು ಸಾವಿರ ಕೇಳುವ ಸಾಲ: ಹಾಸನದ ಒಬ್ಬ ಸೊಪ್ಪಿನಕ್ಕನ ಲೆಕ್ಕ

ಬೆಳಗ್ಗೆ ಆರು ಗಂಟೆ. ಹಾಸನದ ಮಾರುಕಟ್ಟೆಯಲ್ಲಿ ಸೊಪ್ಪಿನ ಮೂಟೆಗಳು ಇಳಿಯುವ ಹೊತ್ತು. ಬೈಕಿನ ಮೇಲೆ ಒಬ್ಬ ಬಂದು ನಿಲ್ಲುತ್ತಾನೆ. ಸೊಂಟದ ಚೀಲದಿಂದ ನೂರರ ಒಂಬತ್ತು ನೋಟು ಎಣಿಸಿ ಕೊಡುತ್ತಾನೆ. ಸಂಜೆ ಏಳಕ್ಕೆ ಅದೇ ಬೈಕು ಮತ್ತೆ ಬರುತ್ತದೆ. ಆಗ ಹತ್ತು ನೋಟು ವಾಪಸ್ ಕೊಡಬೇಕು. ಚೀಟಿ ಇಲ್ಲ, ಸಹಿ ಇಲ್ಲ, ಅಡವು ಇಲ್ಲ. ಕೇಳಿದ ತಕ್ಷಣ ಸಿಗುತ್ತದೆ. ಇದನ್ನು ಜನ ಮೀಟರ್ ಬಡ್ಡಿ ಅಂತಾರೆ.

ಈ ಸಾಲವನ್ನು ಒಂಬತ್ತು ವರ್ಷ ದಿನಾ ತೆಗೆದುಕೊಂಡ ಒಬ್ಬ ಹೆಣ್ಣುಮಗಳ ಕಥೆ ಇದು. ಅವರ ಹೆಸರು, ಊರು ಬರೆಯುವುದಿಲ್ಲ. ಬೀದಿಯವರು ಕರೆಯುವ ಹಾಗೆ ಸೊಪ್ಪಿನಕ್ಕ ಅಂತಲೇ ಕರೆಯುತ್ತೇನೆ. ಹಾಸನದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿಯವರು. ಆ ಹಳ್ಳಿಯ ಸ್ವಸಹಾಯ ಸಂಘದ ಪುಸ್ತಕ ಬರೆಯುವ ಕೆಲಸ ನನ್ನದು. ಉಳಿತಾಯ, ಸಾಲ, ಕಂತು, ಬಡ್ಡಿ ಎಲ್ಲ ನನ್ನ ಕೈಬರಹದಲ್ಲೇ ಇದೆ. ಹಾಗಾಗಿ ಈ ಲೆಕ್ಕ ನನಗೆ ಕೇಳಿ ಗೊತ್ತಿರುವುದಲ್ಲ, ವಾರ ವಾರ ಬರೆದು ಗೊತ್ತಿರುವುದು.

ಸಣ್ಣ ಸಾಲ ಕೊಟ್ಟರೆ ಬಡವರು ಮೇಲೆ ಬರುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಸಣ್ಣ ಸಾಲವೇ ಬಡವರನ್ನು ಮುಳುಗಿಸಿತು ಅಂತಲೂ ಅಷ್ಟೇ ಜನ ಹೇಳುತ್ತಾರೆ. ಸೊಪ್ಪಿನಕ್ಕನ ವಿಷಯದಲ್ಲಿ ಎರಡೂ ನಡೆದಿದೆ. ಅದಕ್ಕೇ ಇದನ್ನು ಪೂರ್ತಿ ಬರೆಯಬೇಕು ಅನ್ನಿಸಿತು.

ದಿನಕ್ಕೆ ನೂರು ರೂಪಾಯಿ ಎಲ್ಲಿ ಹೋಗುತ್ತಿತ್ತು

ಮೊದಲು ವ್ಯಾಪಾರ ಹೇಗಿತ್ತು ನೋಡಿ. ಒಂಬೈನೂರಕ್ಕೆ ಸೊಪ್ಪು ಕೊಳ್ಳುತ್ತಿದ್ದರು. ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್, ಕೊತ್ತಂಬರಿ, ಜೊತೆಗೆ ಬೆರಕೆ ಸೊಪ್ಪು. ದೊಡ್ಡ ಕಂತೆ ಬಿಚ್ಚಿ, ಹಳದಿ ಎಲೆ ಕಿತ್ತು, ಬಾಳೆ ನಾರಿನಲ್ಲಿ ಸಣ್ಣ ಕಟ್ಟು ಕಟ್ಟಬೇಕು. ಒದ್ದೆ ಗೋಣಿತಾಟು ಹಾಸಿ ಸಾಲಾಗಿ ಜೋಡಿಸಬೇಕು. ಮಧ್ಯಾಹ್ನದ ಬಿಸಿಲಿಗೆ ಗಂಟೆಗೊಮ್ಮೆ ನೀರು ಚಿಮುಕಿಸಬೇಕು. ನಾಲ್ಕು ಗಂಟೆ ದಾಟಿದರೆ ರೇಟು ಅರ್ಧ. ಆರು ದಾಟಿದರೆ ಉಳಿದದ್ದು ಹಸುವಿಗೆ.

ಎಲ್ಲ ಮಾರಿದರೆ 1,400 ರೂಪಾಯಿ ಆಸುಪಾಸು ಸಿಗುತ್ತಿತ್ತು. ಅದರಲ್ಲಿ ಸಾವಿರ ಬೈಕಿನವನಿಗೆ. ಸುಂಕ, ಬಸ್ಸು, ಟೀ, ಮೂಟೆ ಹೊರುವವನ ಕೂಲಿ ಸೇರಿ 120. ಕೈಗೆ ಉಳಿಯುತ್ತಿದ್ದದ್ದು 280.

ಒಂಬೈನೂರಕ್ಕೆ ನೂರು ಬಡ್ಡಿ ಅಂದರೆ ದಿನಕ್ಕೆ ನೂರಕ್ಕೆ 11 ರೂಪಾಯಿಗಿಂತ ಜಾಸ್ತಿ. ವರ್ಷಕ್ಕೆ 300 ದಿನ ವ್ಯಾಪಾರ ಅಂತ ಹಿಡಿಯಿರಿ. 30,000 ರೂಪಾಯಿ ಬಡ್ಡಿ. ಅದೂ ಯಾವ ಅಸಲಿಗೆ? ಬರೀ 900 ರೂಪಾಯಿಗೆ! ಮೊದಲ ಸಲ ಈ ಲೆಕ್ಕ ಬರೆದು ತೋರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೇ ಮಾತು ಕೇಳಿದರು: "ಇದು ಸರೀಗ್ ಬರ್ದಿದ್ದೀರಾ?"

ದಿನಾ ಹತ್ತು ರೂಪಾಯಿ ಉಳಿಸಿದ್ದರೆ ಮೂರು ತಿಂಗಳಲ್ಲಿ ಒಂಬೈನೂರು ಆಗುತ್ತಿತ್ತು ಅಲ್ವಾ, ಯಾಕೆ ಉಳಿಸಲಿಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಕೇಳುವುದು ಸುಲಭ. ಅವರ ಮನೆಯಲ್ಲಿ ಐನೂರು ರೂಪಾಯಿ ಕೂಡಿದ ವಾರವೇ ಮಗನಿಗೆ ಜ್ವರ ಬರುತ್ತಿತ್ತು, ಇಲ್ಲ ಅತ್ತೆಯ ಊರಲ್ಲಿ ತಿಥಿ ಇರುತ್ತಿತ್ತು. ಗಂಡ ಗಾರೆ ಕೆಲಸದವರು. ಮಳೆಗಾಲದಲ್ಲಿ ಅವರಿಗೆ ವಾರಕ್ಕೆ ಎರಡು ದಿನ ಕೆಲಸ ಸಿಕ್ಕರೆ ಹೆಚ್ಚು. ಡಬ್ಬಿಯಲ್ಲಿ ದುಡ್ಡಿದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕಷ್ಟ ಅಂತ ಬಂದಾಗ ಬೇಡ ಅನ್ನೋದು ಹೇಗೆ? ಬಡತನದಲ್ಲಿ ಉಳಿತಾಯ ಅನ್ನುವುದು ಮನಸ್ಸು ಗಟ್ಟಿ ಇದ್ದರೆ ಆಗುವ ಕೆಲಸವಲ್ಲ. ದುಡ್ಡನ್ನು ಮನೆಯಿಂದ ಆಚೆ ಇಡಲು ಒಂದು ಜಾಗ ಬೇಕು. ಸಂಘ ಮೊದಲು ಆ ಜಾಗವಾಯಿತು. ಸಾಲ ಆಮೇಲೆ ಬಂತು.

6,000 ರೂಪಾಯಿ ಮಾಡಿದ ಕೆಲಸ

ಸಂಘ ಶುರುವಾದದ್ದು 2016ರಲ್ಲಿ. 11 ಜನ, ವಾರಕ್ಕೆ 20 ರೂಪಾಯಿ ಉಳಿತಾಯ. ಭಾನುವಾರ ಸಂಜೆ ಶಾಲೆ ಜಗುಲಿ ಮೇಲೆ ಸಭೆ. ಕರ್ನಾಟಕಕ್ಕೆ ಇದೇನೂ ಹೊಸದಲ್ಲ. ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ 1980ರ ದಶಕದಲ್ಲೇ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಇಂಥ ಗುಂಪುಗಳನ್ನು ಕಟ್ಟಿತ್ತು. 1992ರಲ್ಲಿ ನಬಾರ್ಡ್, ಅಂದರೆ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು, ಇಂಥ ಸಂಘಗಳಿಗೆ ಬ್ಯಾಂಕಿನಿಂದ ಸಾಲ ಕೊಡಿಸುವ ಯೋಜನೆ ತಂದಿತು. ಅಡವಿಡಲು ಏನೂ ಇಲ್ಲದವರಿಗೆ, ಅವರ ಉಳಿತಾಯದ ಪುಸ್ತಕವನ್ನೇ ನಂಬಿ ಸಾಲ ಕೊಡುವ ಏರ್ಪಾಡು ಅದು. 2000-01ರಲ್ಲಿ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು, ಆಮೇಲೆ ಸಂಜೀವಿನಿ ಯೋಜನೆ ಬಂತು. ನಮ್ಮ ಸಂಘ ಸಂಜೀವಿನಿಯದು.

2017ರಲ್ಲಿ ಸೊಪ್ಪಿನಕ್ಕ ಮೊದಲ ಸಲ ಸಾಲ ಕೇಳಿದರು. 6,000 ರೂಪಾಯಿ, ಸಂಘದ ಸ್ವಂತ ದುಡ್ಡು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಕೇಳಲು ಜಾಸ್ತಿ ಅನ್ನಿಸಬಹುದು. ಆದರೆ ಆ ಬಡ್ಡಿ ಸಂಘಕ್ಕೇ, ಅಂದರೆ ಆ 11 ಜನಕ್ಕೇ ಬರುತ್ತದೆ. ತಿಂಗಳಿಗೆ 500 ಅಸಲು, ಬಾಕಿ ಉಳಿದದ್ದಕ್ಕೆ ಮಾತ್ರ ಬಡ್ಡಿ. ಒಂದು ವರ್ಷದಲ್ಲಿ ಅವರು ಕಟ್ಟಿದ ಒಟ್ಟು ಬಡ್ಡಿ 780 ರೂಪಾಯಿ. ಬೈಕಿನವನಿಗೆ ಅಷ್ಟು ಬಡ್ಡಿ ಎಂಟು ದಿನಕ್ಕೆ ಹೋಗುತ್ತಿತ್ತು.

ಆರು ಸಾವಿರದಲ್ಲಿ 2,800 ಬೈಕಿನವನ ಹಳೇ ಬಾಕಿಗೆ ಹೋಯಿತು. ಮಾರಾಟವಾಗದ ದಿನಗಳ ಬಾಕಿ ಅದು, ಬೆಳೆದು ಬೆಳೆದು ಅಷ್ಟಾಗಿತ್ತು. ಅದನ್ನು ತೀರಿಸದೆ ಅವನ ಕೈಯಿಂದ ಬಿಡುಗಡೆ ಇರಲಿಲ್ಲ. 1,200ಕ್ಕೆ ಟಾರ್ಪಾಲು, ಪ್ಲಾಸ್ಟಿಕ್ ಕ್ರೇಟು. ಉಳಿದ 2,000 ಬಂಡವಾಳ.

ಮರುದಿನದಿಂದ ದಿನಕ್ಕೆ ನೂರು ರೂಪಾಯಿ ಉಳಿಯತೊಡಗಿತು. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇಲ್ಲೇ ಇದೆ. ಅವರು ಹೊಸ ಉದ್ಯೋಗ ಹಿಡಿಯಲಿಲ್ಲ. ಗಿರಾಕಿ ಹೆಚ್ಚಾಗಲಿಲ್ಲ. ತರಬೇತಿ ತೆಗೆದುಕೊಳ್ಳಲಿಲ್ಲ. ದುಡಿಮೆ ಹಾಗೇ ಇತ್ತು, ಸೋರಿಕೆ ನಿಂತಿತು. ದಿನಕ್ಕೆ 280 ಇದ್ದದ್ದು 380 ಆಯಿತು. ಇನ್ನೊಂದು ಲಾಭವೂ ಆಯಿತು. ಕೈಯಲ್ಲಿ ಸ್ವಂತ ದುಡ್ಡಿದ್ದರೆ ಬೈಕಿನವನಿಗೆ ಕಾಯುವುದು ಬೇಡ. ಮೊದಲ ಮೂಟೆಯನ್ನೇ ಆರಿಸಿಕೊಳ್ಳಬಹುದು. ಎಳೆ ಸೊಪ್ಪು ಸಿಗುತ್ತದೆ, ಸಂಜೆ ಹಸುವಿಗೆ ಹಾಕುವುದು ಕಡಿಮೆಯಾಗುತ್ತದೆ.

ಬಾಂಗ್ಲಾದೇಶದ ಅರ್ಥಶಾಸ್ತ್ರಜ್ಞ ಮುಹಮ್ಮದ್ ಯೂನುಸ್ 1976ರಲ್ಲಿ ಜೋಬ್ರಾ ಅನ್ನುವ ಹಳ್ಳಿಯಲ್ಲಿ ಕಂಡದ್ದೂ ಇದನ್ನೇ. ಬಿದಿರಿನ ಸ್ಟೂಲು ಹೆಣೆಯುವ ಹೆಂಗಸರು ಬಿದಿರಿಗೆ ವ್ಯಾಪಾರಿ ಹತ್ತಿರ ಸಾಲ ಮಾಡಿ, ಹೆಣೆದದ್ದನ್ನು ಅವನಿಗೇ ಅವನು ಹೇಳಿದ ರೇಟಿಗೆ ಕೊಡುತ್ತಿದ್ದರು. 42 ಜನಕ್ಕೆ ಬೇಕಾಗಿದ್ದದ್ದು ಒಟ್ಟು 27 ಡಾಲರ್. ಯೂನುಸ್ ಅದನ್ನು ಸ್ವಂತ ಜೇಬಿನಿಂದ ಕೊಟ್ಟರು. ಅವರು ಕಟ್ಟಿದ ಗ್ರಾಮೀಣ ಬ್ಯಾಂಕ್ ಆದದ್ದು 1983ರಲ್ಲಿ, ನೊಬೆಲ್ ಶಾಂತಿ ಪ್ರಶಸ್ತಿ ಬಂದದ್ದು 2006ರಲ್ಲಿ. ಆ ಕಥೆಯಲ್ಲಿ ಎಲ್ಲರೂ ಬ್ಯಾಂಕನ್ನು ನೆನಪಿಟ್ಟುಕೊಂಡರು. ಆ ಹೆಂಗಸರಿಗೆ ಮೊದಲೇ ಒಂದು ಕಸುಬು ಕೈಯಲ್ಲಿತ್ತು ಅನ್ನುವುದನ್ನು ಮರೆತರು.

ಎರಡು ಜೇಬಿನ ಸಂಚಿ

ಎಲ್ಲ ಸಲೀಸಾಗಿ ನಡೆಯಿತು ಅಂತ ಅಂದುಕೊಳ್ಳಬೇಡಿ. ಎರಡನೇ ತಿಂಗಳಲ್ಲೇ ಮಗನಿಗೆ ಜ್ವರ ಬಂತು. ಬಂಡವಾಳದಿಂದ 1,500 ತೆಗೆದರು. ಮರುದಿನ ಬೆಳಗ್ಗೆ ಮತ್ತೆ ಬೈಕಿನವನ ಮುಂದೆ ನಿಂತರು. ನಾಲ್ಕು ದಿನ ಹಾಗೇ ನಡೆಯಿತು. ಭಾನುವಾರ ಸಭೆಯಲ್ಲಿ ಅವರೇ ಹೇಳಿ ಅತ್ತರು. ಸಂಘದ ಹಿರಿಯರೊಬ್ಬರು ಬಯ್ಯಲಿಲ್ಲ. ತಮ್ಮ ಸೊಂಟದಿಂದ ಎಲೆಅಡಿಕೆ ಸಂಚಿ ತೆಗೆದು ತೋರಿಸಿದರು. "ಎಲೆ ಒಂದ್ಕಡೆ, ಸುಣ್ಣ ಒಂದ್ಕಡೆ ಇಡಾಕಿಲ್ವಾ ಮಗ? ದುಡ್ಡೂ ಹಂಗೇಯ" ಅಂದರು.

ಮುಂದಿನ ವಾರ ಸೊಪ್ಪಿನಕ್ಕ ಹಳೇ ಲಂಗದ ಬಟ್ಟೆಯಲ್ಲಿ ಎರಡು ಜೇಬಿನ ಸಂಚಿ ಹೊಲಿದುಕೊಂಡು ಬಂದರು. ಕೆಂಪು ದಾರದ ಜೇಬು ಬಂಡವಾಳಕ್ಕೆ. ಬಿಳಿ ದಾರದ್ದು ಮನೆಗೆ. ಸಂಜೆ ಗಾಡಿ ಬಿಚ್ಚಿದ ತಕ್ಷಣ, ಮನೆಗೆ ಹೋಗುವ ಮುಂಚೆ, ಅಲ್ಲೇ ಕೂತು ಮೊದಲು ಕೆಂಪು ಜೇಬು ತುಂಬಿಸುತ್ತಾರೆ. ಬೆಳಗ್ಗೆ ಎಷ್ಟು ತೆಗೆದಿದ್ದರೋ ಅಷ್ಟು. ಮಿಕ್ಕಿದ್ದು ಬಿಳಿಗೆ. ಮಗನ ಜ್ವರಕ್ಕೆ ಅಂತ ಸಂಘದಲ್ಲಿ ಬೇರೆ ತುರ್ತು ಸಾಲ ಇಟ್ಟೆವು, ಒಬ್ಬರಿಗೆ 1,000ದವರೆಗೆ, ಒಂದು ತಿಂಗಳಿಗೆ ಬಡ್ಡಿ ಇಲ್ಲದೆ. ಇಷ್ಟು ಸಣ್ಣ ಏರ್ಪಾಡು. ಆದರೆ ಆಮೇಲೆ ಆರು ವರ್ಷ ಅವರು ಮೀಟರ್ ಬಡ್ಡಿಗೆ ಹೋಗಲಿಲ್ಲ.

2019ರಲ್ಲಿ ಬ್ಯಾಂಕು ಸಂಘಕ್ಕೆ ಸಾಲ ಕೊಟ್ಟಿತು. ಅದರಲ್ಲಿ ಇವರ ಪಾಲು 25,000. ಹಳೇ ತಳ್ಳುಗಾಡಿ, ತಕ್ಕಡಿ ಕೊಂಡು ಸೊಪ್ಪಿನ ಜೊತೆ ಟೊಮೆಟೊ, ಹುರುಳಿಕಾಯಿ, ಆಲೂಗಡ್ಡೆ ಇಟ್ಟರು. ಸೊಪ್ಪು ಒಂದು ದಿನಕ್ಕೆ ಬಾಡುತ್ತದೆ, ಆಲೂಗಡ್ಡೆ ಬಾಡುವುದಿಲ್ಲ. ನಷ್ಟ ತಗ್ಗಿತು. ದಿನದ ಉಳಿಕೆ 450ಕ್ಕೆ ಬಂತು. ಆ ವರ್ಷ ಹಾಸನಾಂಬೆ ಬಾಗಿಲು ತೆಗೆದಾಗ ಗಾಡಿಯಲ್ಲಿ ಬಾಳೆಹಣ್ಣು, ತೆಂಗಿನಕಾಯಿ ಇಟ್ಟರು. ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ಕೆಲವೇ ದಿನ ದರ್ಶನ. ಬಲಿಪಾಡ್ಯಮಿ ಮುಗಿದ ಮೇಲೆ ಬಾಗಿಲು ಹಾಕುತ್ತಾರೆ. ಆ ದಿನಗಳಲ್ಲಿ ಊರು ಜನರಿಂದ ತುಂಬಿರುತ್ತದೆ. ಬೇರೆ ತಿಂಗಳಲ್ಲಿ ಒಂದು ವಾರಕ್ಕೆ ಸಿಗುವುದು ಅವರಿಗೆ ಆಗ ಎರಡೇ ದಿನಕ್ಕೆ ಸಿಕ್ಕಿತು. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೊರೊನಾ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2020ರ ಮಾರ್ಚ್‌ನಲ್ಲಿ ಬಸ್ಸು ನಿಂತಿತು. ತರಕಾರಿ ಮಾರಬಹುದು ಅಂತ ಸರ್ಕಾರ ಹೇಳಿದರೂ ಹಳ್ಳಿಯಿಂದ ಹಾಸನಕ್ಕೆ ಬರುವುದು ಹೇಗೆ? ಕೆಂಪು ಜೇಬು ಒಂದೂವರೆ ತಿಂಗಳಲ್ಲಿ ಖಾಲಿಯಾಯಿತು. ರಿಸರ್ವ್ ಬ್ಯಾಂಕು ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿದ್ದು ಉಸಿರು ಬಿಡಲು ಸಹಾಯವಾಯಿತು. ಆ ವರ್ಷ ಜೂನ್‌ನಲ್ಲಿ ಶುರುವಾದ ಪಿಎಂ ಸ್ವನಿಧಿಯಲ್ಲಿ ಬೀದಿ ವ್ಯಾಪಾರಿಗಳಿಗೆ ಅಡವಿಲ್ಲದೆ 10,000 ಸಾಲ. ಸುತ್ತಮುತ್ತಲ ಹಳ್ಳಿಯಿಂದ ಬಂದು ಪಟ್ಟಣದಲ್ಲಿ ಮಾರುವವರಿಗೂ ಅದು ಸಿಗುತ್ತಿತ್ತು. ಸರಿಯಾಗಿ ಕಟ್ಟಿದರೆ ವರ್ಷಕ್ಕೆ ಶೇ 7ರಷ್ಟು ಬಡ್ಡಿ ಖಾತೆಗೆ ವಾಪಸ್ ಬರುತ್ತಿತ್ತು. ನಗರಸಭೆಯ ಪತ್ರಕ್ಕೆ ನಾಲ್ಕು ಸಲ ಓಡಾಡಿದರು. ಸಿಕ್ಕಿತು. ಗಾಡಿ ಮತ್ತೆ ನಿಂತಿತು.

ಕಾಲು ಮುರಿದ ವರ್ಷ

2023ರ ಕೊನೆಯಲ್ಲಿ ಗಂಡ ಕಟ್ಟಡದ ಮೇಲಿಂದ ಬಿದ್ದು ಕಾಲು ಮುರಿದುಕೊಂಡರು. ಬಿಪಿಎಲ್ ಕಾರ್ಡ್ ಇದ್ದದ್ದರಿಂದ ಆಪರೇಷನ್ ಖರ್ಚು ಆರೋಗ್ಯ ಯೋಜನೆಯಲ್ಲಿ ಹೋಯಿತು. ಆದರೆ ಐದು ತಿಂಗಳ ಕೂಲಿ? ಓಡಾಟದ ಆಟೋ? ಆಸ್ಪತ್ರೆಯಲ್ಲಿ ಜೊತೆಗಿದ್ದು ಸೊಪ್ಪಿನಕ್ಕ ಕಳೆದುಕೊಂಡ 18 ದಿನದ ವ್ಯಾಪಾರ? ಅದಕ್ಕೆ ಯಾವ ಯೋಜನೆಯೂ ಇಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡ್ ಇದ್ದಿದ್ದರೆ ಸ್ವಲ್ಪ ನೆರವು ಕೇಳಬಹುದಿತ್ತು. ಮಾಡಿಸಿರಲಿಲ್ಲ.

ಆಗ ಅವರು ಸಂಘಕ್ಕೆ ಬರಲಿಲ್ಲ. ಸಂಘದ ಸಾಲ ಇನ್ನೂ 8,000 ಬಾಕಿ ಇತ್ತು, ಕೇಳಲು ನಾಚಿಕೆ. ಪಕ್ಕದ ಬೀದಿಗೆ ವಾರ ವಾರ ಬರುವ ಒಂದು ಫೈನಾನ್ಸ್ ಕಂಪನಿಯಿಂದ 40,000 ತೆಗೆದರು. ಆಮೇಲೆ ಇನ್ನೊಂದರಿಂದ 30,000. ಎರಡೂ ಬ್ಯಾಂಕಿಗಿಂತ ಬೇಗ ಸಿಕ್ಕವು. ಫಾರಂನಲ್ಲಿ "ವ್ಯಾಪಾರ ಅಭಿವೃದ್ಧಿ" ಅಂತ ಬರೆದಿತ್ತು. ದುಡ್ಡು ಹೋದದ್ದು ಮನೆ ಖರ್ಚಿಗೆ, ಹಳೇ ಕೈಸಾಲಕ್ಕೆ.

ಲೆಕ್ಕ ನೋಡಿ. ಮೊದಲನೆಯದಕ್ಕೆ ವಾರಕ್ಕೆ 867, ಎರಡನೆಯದಕ್ಕೆ 650. ತಿಂಗಳಿಗೆ ಹಿಡಿದರೆ 6,500 ದಾಟುತ್ತದೆ. ಸಂಘದ ಕಂತು 1,500. ಒಟ್ಟು 8,000. ಮನೆಗೆ ಬರುತ್ತಿದ್ದದ್ದು ಇವರ ದುಡಿಮೆ ಮಾತ್ರ, ಚೆನ್ನಾಗಿ ನಡೆದರೆ ತಿಂಗಳಿಗೆ 11,700. ಕಿರುಸಾಲದ ಬಗ್ಗೆ ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿದೆ: ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಇಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿಯಾಗಿತ್ತು. ಹೇಗೆ ಕೊಟ್ಟರು ಅಂತ ಆಮೇಲೆ ಫಾರಂ ತರಿಸಿ ನೋಡಿದೆ. ಮಂಚದ ಮೇಲೆ ಕಾಲಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಗಂಡನ ಹೆಸರಿನ ಮುಂದೆ ತಿಂಗಳ ಆದಾಯ 15,000 ಅಂತ ಬರೆದಿತ್ತು.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು, ಯಾಕಂದರೆ ನಮ್ಮ ಹೆಂಗಸರು ಹೆಚ್ಚು ಮೋಸ ಹೋಗುವುದು ಇಲ್ಲೇ. "ನೂರಕ್ಕೆ ಒಂದೇ ರೂಪಾಯಿ" ಅಂತ ಯಾರಾದರೂ ಹೇಳಿದರೆ, ಬಾಕಿ ಅಸಲಿಗೋ ಮೊದಲು ಕೊಟ್ಟ ಪೂರ್ತಿ ಅಸಲಿಗೋ ಅಂತ ಕೇಳಿ. 10,000 ಸಾಲಕ್ಕೆ ವರ್ಷಕ್ಕೆ 1,200 ಬಡ್ಡಿ ಹಾಕಿ 12 ಕಂತು ಮಾಡಿದರೆ ತಿಂಗಳಿಗೆ 933. ನೋಡಲು ಶೇ 12. ಆದರೆ ಅಸಲು ತಿಂಗಳು ತಿಂಗಳು ಕರಗುತ್ತಿರುತ್ತದೆ, ಬಡ್ಡಿ ಮಾತ್ರ ಕರಗುವುದಿಲ್ಲ. ನಿಜವಾದ ಬಡ್ಡಿ ಶೇ 21 ದಾಟುತ್ತದೆ. ಬಡ್ಡಿ, ಶುಲ್ಕ ಎಲ್ಲ ಬರೆದ ಹಾಳೆಯನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಲೇಬೇಕು ಅಂತ ನಿಯಮವಿದೆ. ಕೇಳಿ ಇಸಿದುಕೊಳ್ಳಿ.

ಆ ಎರಡು ಕಂಪನಿಯ ಕಂತು ಕಟ್ಟಲು ಮೊದಲು ಖಾಲಿಯಾದದ್ದು ಕೆಂಪು ಜೇಬು. ತರಕಾರಿ ನಿಂತು ಬರೀ ಸೊಪ್ಪಾಯಿತು. ಆಮೇಲೆ ಒಂದು ಬೆಳಗ್ಗೆ ಮತ್ತೆ ಅದೇ ಬೈಕು. ವಾರದ ಕಂತು ಕಟ್ಟಲು ದಿನದ ಬಡ್ಡಿಗೆ ಸಾಲ! ಆರು ವರ್ಷದಲ್ಲಿ ಏರಿದ್ದನ್ನು ಮೂರು ತಿಂಗಳಲ್ಲಿ ಇಳಿದಿದ್ದರು. ಕಂಪನಿಯ ವಸೂಲಿಯವನು ಬೆಳಗ್ಗೆ ಏಳಕ್ಕೇ ಮನೆ ಬಾಗಿಲಲ್ಲಿ ಕೂರುತ್ತಿದ್ದ. ಬೆಳಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರಾದ ಮೇಲೆ ಫೋನು ಕೂಡ ಮಾಡುವಂತಿಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಸೊಪ್ಪಿನಕ್ಕನ ಕಷ್ಟದ ಕಾಲಕ್ಕೆ ಅದು ಇನ್ನೂ ಬಂದಿರಲಿಲ್ಲ.

ಮೂರು ವಾರ ಅವರು ಉಳಿತಾಯ ಕಟ್ಟಿರಲಿಲ್ಲ. ಪುಸ್ತಕದಲ್ಲಿ ಮೂರು ಖಾನೆ ಖಾಲಿ. ಮೊದಲ ವಾರವೇ ನಾನು ಹೋಗಿ ವಿಚಾರಿಸಬೇಕಿತ್ತು. ಹೋಗಲಿಲ್ಲ. ಅದು ನನ್ನ ತಪ್ಪು. ಈಗ ಯಾರದೇ ಒಂದು ಖಾನೆ ಖಾಲಿ ಉಳಿದರೂ ಅವತ್ತೇ ಸಂಜೆ ಅವರ ಮನೆಗೆ ಹೋಗುತ್ತೇನೆ.

ಕಂತಿಗೆ ಕಾಲ ನೋಡಿದ್ದು

2024ರ ಮೇ ತಿಂಗಳಲ್ಲಿ ವಿಷಯ ಪಂಚಾಯಿತಿ ಒಕ್ಕೂಟದ, ಅಂದರೆ ಪಂಚಾಯಿತಿಯ ಸಂಘಗಳೆಲ್ಲ ಸೇರಿದ ಕೂಟದ ಮುಂದೆ ಬಂತು. ಎರಡೂ ಕಂಪನಿಗೆ ಸೇರಿ 45,000 ಬಾಕಿ. ಒಕ್ಕೂಟ ಸಮುದಾಯ ಬಂಡವಾಳ ನಿಧಿಯಿಂದ 50,000 ಕೊಟ್ಟಿತು. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ, ಬಾಕಿ ಅಸಲಿಗೆ ಮಾತ್ರ. ಕಿರುಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ ಅನ್ನುವ ನಿಯಮವನ್ನು ಮುದ್ರಿಸಿ ಹಿಡಿದುಕೊಂಡೇ ಹೋದೆವು. ಎರಡೂ ಮುಗಿಸಿ ರಸೀದಿ ತಂದೆವು. 5,000 ನೇರ ಕೆಂಪು ಜೇಬಿಗೆ. ಸಂಘದ ಹಳೇ ಬಾಕಿಯನ್ನು ಆರು ತಿಂಗಳು ಮುಂದೂಡಿದೆವು. ತಿಂಗಳ ಕಂತು 8,000ದಿಂದ 2,600ಕ್ಕೆ ಇಳಿಯಿತು.

ಸಭೆಯಲ್ಲಿ ದೊಡ್ಡ ಚರ್ಚೆ ನಡೆದದ್ದು ಮೊತ್ತದ ಬಗ್ಗೆ ಅಲ್ಲ, ಕಂತಿನ ಬಗ್ಗೆ. ಸೊಪ್ಪಿನಕ್ಕನೇ ಹೇಳಿದರು: "ಆಷಾಢದ ಮಳೇಲಿ ಸೊಪ್ಪು ಕೊಳೀತದೆ, ಗಿರಾಕಿನೂ ಬರಾಕಿಲ್ಲ. ಆ ಎರಡು ತಿಂಗ್ಳು ಬಡ್ಡಿ ಮಾತ್ರ ಕಟ್ತೀನಿ. ಹಾಸನಾಂಬೆ ತಿಂಗ್ಳಲ್ಲಿ ಮೂರು ಕಂತು ಒಟ್ಗೆ ಕಟ್ತೀನಿ ಕಣಕ್ಕ." ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಅಂತ ವಿರೋಧ ಬಂತು. ಒಂದೂವರೆ ಗಂಟೆ ಮಾತಾಯಿತು. ಕೊನೆಗೆ ಠರಾವು ಬರೆದೆವು. ಮಾತಿನಂತೆ ನಡೆದುಕೊಂಡಿದ್ದಾರೆ. ಆ ವರ್ಷದ ಹಾಸನಾಂಬೆ ಮುಗಿದ ಮರುದಿನ ಮೂರು ಕಂತಿನ ದುಡ್ಡು ತಂದು ಮೇಜಿನ ಮೇಲೆ ಇಟ್ಟರು. ನೋಟುಗಳಿಗೆ ಕುಂಕುಮ ಅಂಟಿಕೊಂಡಿತ್ತು.

ಇದು ಬರೀ ನಮ್ಮ ಅನುಭವ ಅಲ್ಲ. ಕೋಲ್ಕತ್ತದಲ್ಲಿ ನಡೆದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕೆಲವರಿಗೆ ಸಾಲ ಕೊಟ್ಟ ಎರಡೇ ವಾರಕ್ಕೆ ಕಂತು ಶುರು ಮಾಡಿದರು, ಕೆಲವರಿಗೆ ಎರಡು ತಿಂಗಳು ಬಿಟ್ಟು. ಎರಡು ತಿಂಗಳು ಬಿಡುವು ಸಿಕ್ಕವರು ವ್ಯಾಪಾರಕ್ಕೆ ಜಾಸ್ತಿ ದುಡ್ಡು ಹಾಕಿದರು, ವರ್ಷಗಳ ಮೇಲೆ ನೋಡಿದಾಗ ಅವರ ಲಾಭವೂ ಹೆಚ್ಚಿತ್ತು. ಆದರೆ ಸಾಲ ಕಟ್ಟದೆ ಬಿಟ್ಟವರೂ ಅವರಲ್ಲೇ ಜಾಸ್ತಿ. ಹಾಗಾಗಿ ಕಂಪನಿಗಳು ವಾರದ ಕಂತನ್ನು ಬಿಡುವುದಿಲ್ಲ. ಸಂಘ ಬಿಡುವು ಕೊಡಬಹುದು, ಯಾಕಂದರೆ ಕೊಡುವವರಿಗೆ ತೆಗೆದುಕೊಳ್ಳುವವರ ಗಾಡಿಯ ಮೇಲೆ ಇವತ್ತು ಏನಿದೆ ಅಂತ ಗೊತ್ತಿರುತ್ತದೆ.

ಹೈದರಾಬಾದಿನ ಅಧ್ಯಯನವನ್ನೂ ಹೇಳಬೇಕು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಜೊತೆಗಾರರು 104 ಬಡಾವಣೆಗಳಲ್ಲಿ ಅರ್ಧದಷ್ಟರಲ್ಲಿ ಕಿರುಸಾಲ ಮೊದಲು ಕೊಡಿಸಿ, ಉಳಿದವಕ್ಕೆ ಹೋಲಿಸಿ ನೋಡಿದರು. ಸರಾಸರಿ ಮನೆಯ ಖರ್ಚಿನ ಮಟ್ಟದಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ಮೊದಲೇ ವ್ಯಾಪಾರ ನಡೆಸುತ್ತಿದ್ದವರಿಗೆ ಹೆಚ್ಚು ಪ್ರಯೋಜನವಾಯಿತು. ನಮ್ಮ 11 ಜನರ ಪುಸ್ತಕ ತೆರೆದರೂ ಅದೇ ಕಾಣುತ್ತದೆ.

ಅದೇ ಸಂಘದ ಇನ್ನೊಬ್ಬ ತಂಗಿಯ ವಿಷಯ. ಕಾಫಿ ಹಣ್ಣು ಕೀಳುವ ಕಾಲದಲ್ಲಿ ಸಕಲೇಶಪುರದ ಕಡೆ ಕೂಲಿಗೆ ಹೋಗುತ್ತಾಳೆ, ಉಳಿದ ದಿನ ಸಿಕ್ಕ ಕೆಲಸ. 15,000 ಸಾಲ ಮಾಡಿ ಹೊಲಿಗೆ ಯಂತ್ರ ಕೊಂಡಳು. ಕೊಳ್ಳು ಅಂತ ಹೇಳಿದವರು ನಾವೇ. ಊರಲ್ಲಿ ಆಗಲೇ ಮೂರು ಜನ ಹೊಲಿಯುವವರಿದ್ದರು. ಯಂತ್ರದ ಮೇಲೆ ಈಗ ಹಳೇ ಬೆಡ್‌ಶೀಟು ಹೊದಿಸಿದೆ, ಅದರ ಮೇಲೆ ಮಕ್ಕಳ ಪುಸ್ತಕ. ಕಂತನ್ನು ಕೂಲಿ ದುಡ್ಡಿನಿಂದ ಕಟ್ಟಿ ತೀರಿಸಿದಳು. ಅಂದರೆ ಸಾಲದಿಂದ ಅವಳ ಬಡತನ 15,000 ಹೆಚ್ಚಾಯಿತು, ಅಷ್ಟೇ. ಕೈಯಲ್ಲಿ ಕಸುಬೂ ಇಲ್ಲದ, ಕೂಡಿಟ್ಟದ್ದೂ ಇಲ್ಲದವರಿಗೆ ಮೊದಲು ಸಾಲ ಕೊಡಬಾರದು ಅಂತ ನನಗೆ ಅನ್ನಿಸಿದ್ದು ಅವಳಿಂದ. ಬಾಂಗ್ಲಾದೇಶದ ಬ್ರಾಕ್ ಅನ್ನುವ ಸ್ವಯಂಸೇವಾ ಸಂಸ್ಥೆ 2002ರಲ್ಲಿ ತೀರಾ ಬಡವರಿಗೆ ಸಾಲದ ಬದಲು ಹಸುವನ್ನೋ ಮೇಕೆಯನ್ನೋ ಪುಕ್ಕಟೆ ಕೊಡಲು ಶುರು ಮಾಡಿತು. ಜೊತೆಗೆ ಕೆಲವು ತಿಂಗಳು ಊಟದ ಖರ್ಚು, ಸಾಕುವ ತರಬೇತಿ. ಇದೇ ಮಾದರಿಯನ್ನು ಆರು ದೇಶಗಳಲ್ಲಿ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆರವು ನಿಂತು ಒಂದು ವರ್ಷದ ಮೇಲೂ ಆ ಮನೆಗಳ ಊಟ, ಆದಾಯ, ಉಳಿತಾಯ ನೆರವು ಸಿಗದ ಮನೆಗಳಿಗಿಂತ ಚೆನ್ನಾಗಿದ್ದವು. ಆ ತಂಗಿಗೆ ಬೇಕಾಗಿದ್ದದ್ದು ಅದು.

ಈಗ

ಸೊಪ್ಪಿನಕ್ಕನ ದಿನದ ಉಳಿಕೆ ಈಗ 550ರ ಹತ್ತಿರ. ಅದೆಲ್ಲ ಸಾಲದಿಂದಲೇ ಬಂತು ಅಂತ ಹೇಳಿದರೆ ಸುಳ್ಳಾಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜು ದಿನಕ್ಕೆ 40 ಉಳಿಯುತ್ತಿದೆ. ಗೃಹಲಕ್ಷ್ಮಿಯ 2,000 ಬಂದ ತಿಂಗಳು ಕಂತಿನ ಚಿಂತೆ ಇಲ್ಲ. ಗಂಡ ಗಾರೆ ಕೆಲಸಕ್ಕೆ ಪೂರ್ತಿ ಹೋಗಲಾರರು. ಗಾಡಿಯ ಹತ್ತಿರ ಕೂತು ಬೆಳ್ಳುಳ್ಳಿ ಬಿಡಿಸಿ ಪೊಟ್ಟಣ ಕಟ್ಟುತ್ತಾರೆ. ಮಗ ಐಟಿಐ ಓದುತ್ತಿದ್ದಾನೆ. ಮನೆಯ ಸೋರುವ ಶೀಟು ಬದಲಾಗಿದೆ. ಸಂಘದ ಎಲ್ಲರಿಗೂ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ವಿಮೆ ಮಾಡಿಸಿದ್ದೇವೆ. ಬರೀ ಕಾಲು ಮುರಿದರೆ ಅದರಿಂದ ದುಡ್ಡು ಬರುವುದಿಲ್ಲ, ಸಾವು ಅಥವಾ ಶಾಶ್ವತ ಊನಕ್ಕೆ ಮಾತ್ರ. ಹಾಗಾಗಿ ಗಾರೆ ಕೆಲಸಕ್ಕೆ ಹೋಗುವ ಎಲ್ಲ ಗಂಡಸರಿಗೂ ಲೇಬರ್ ಕಾರ್ಡ್ ಮಾಡಿಸುತ್ತಿದ್ದೇವೆ. ನಾಲ್ಕು ಜನರದ್ದು ಇನ್ನೂ ಬಾಕಿ.

ಬಡತನದಿಂದ ಆಚೆ ಬಂದರಾ ಅಂತ ಕೇಳಿದರೆ, ಹೊಸ್ತಿಲು ದಾಟಿದ್ದಾರೆ ಅನ್ನುತ್ತೇನೆ. ಮತ್ತೊಂದು ಕಾಲು ಮುರಿದರೆ ತಡೆಯುವಷ್ಟು ಗಂಟು ಇನ್ನೂ ಇಲ್ಲ.

ಈಗ ಅವರ ಮನಸ್ಸಿನಲ್ಲಿರುವುದು ಒಂದು ಹಸು. ಮಾರಿ ಮಿಕ್ಕ ಸೊಪ್ಪು ಮೇವಾಗುತ್ತದೆ, ಗಂಡ ಮನೆಯಲ್ಲೇ ಇರುತ್ತಾರೆ, ಊರಲ್ಲಿ ಹಾಲಿನ ಡೇರಿ ಇದೆ. ಲೆಕ್ಕ ಕೂಡುತ್ತದೆ. ಬ್ಯಾಂಕಿನಲ್ಲಿ 60,000 ಕೊಡುತ್ತಾರಂತೆ, ತಿಂಗಳು ತಿಂಗಳು ಸಮನಾದ ಕಂತು. ಕಳೆದ ಭಾನುವಾರ ಆ ಕಾಗದವನ್ನು ಓದಿ ಹೇಳಿದೆ. ಅವರು ಗೋಣಿತಾಟು ಮಡಚುತ್ತಾ ಕೇಳಿಸಿಕೊಂಡರು.

"ಹಸ ಹತ್ತು ತಿಂಗ್ಳು ಕರೀತದೆ, ಆಮೇಲೆ ಎರಡು ತಿಂಗ್ಳು ಬತ್ತುತದೆ. ಹಸ ಬತ್ತಿದಾಗ ಕಂತೂ ಬತ್ತುತದಾ ಅಂತ ಅವ್ರನ್ನ ಕೇಳಕ್ಕ."

ಹತ್ತು ತಿಂಗಳು ಕಂತು, ಎರಡು ತಿಂಗಳು ಬರೀ ಬಡ್ಡಿ ಅಂತ ಅರ್ಜಿ ಬರೆದು ಬುಧವಾರ ಕೊಟ್ಟು ಬಂದಿದ್ದೇನೆ. ಮುಂದಿನ ವಾರ ಬರಲು ಹೇಳಿದ್ದಾರೆ.